ನೀರು ಕುಡಿದು ಯಾರಾದರೂ ಕೆಡ್ತಾರಾ?

“ನೀರ್ ಕುಡ್ದು ಯಾರಾರಾ ಕೆಟ್ಟವ್ರೇನ್ಲಾ ಮಗ?”

ನಮ್ಮ ದೊಡ್ಡಪ್ಪ ಹೀಗೆ ಕೇಳಿದ್ದು ಮೈಸೂರಿನ ಆಸ್ಪತ್ರೆಯಿಂದ ಊರಿಗೆ ವಾಪಸ್ ಬಂದ ದಿನ. ಸದ್ಯಕ್ಕೆ ದಿನಕ್ಕೆ ಒಂದು ಲೀಟರಿಗಿಂತ ಹೆಚ್ಚು ನೀರು ಕೊಡಬೇಡಿ ಅಂತ ಡಾಕ್ಟರು ಚೀಟಿಯಲ್ಲಿ ಬರೆದು ಕಳಿಸಿದ್ದರು. ಬೀಡಿ ಬಿಡಿ, ಕಾಫಿ ಕಮ್ಮಿ ಮಾಡಿ ಅನ್ನೋ ಡಾಕ್ಟರುಗಳನ್ನ ಎಪ್ಪತ್ತೆರಡು ವರ್ಷದಲ್ಲಿ ಬೇಕಾದಷ್ಟು ಜನರನ್ನ ಕಂಡಿದ್ದ ದೊಡ್ಡಪ್ಪನಿಗೆ ನೀರು ಕಮ್ಮಿ ಮಾಡಿ ಅನ್ನೋರು ಸಿಕ್ಕಿದ್ದು ಅದೇ ಮೊದಲು :)

ಆಗಿದ್ದು ಇಷ್ಟು. ನಮ್ಮೂರು ಹುಣಸೂರಿಗೂ ಪಿರಿಯಾಪಟ್ಟಣಕ್ಕೂ ನಡುವೆ ಇರೋ ಒಂದು ಹಳ್ಳಿ. ದೊಡ್ಡಪ್ಪನಿಗೆ ಬಿ.ಪಿ. ಇದೆ, ಅದಕ್ಕೆ ಮಾತ್ರೆ ತಗೋತಾರೆ. ಮೂತ್ರ ಹೆಚ್ಚು ಮಾಡಿಸಿ ಒತ್ತಡ ಇಳಿಸುವ ಜಾತಿಯ ಮಾತ್ರೆ. ಉಪ್ಪು ಬಿಡಿ ಅಂತ ಯಾರೋ ಹೇಳಿದರು, ಪೂರ್ತಿ ಬಿಟ್ಟರು. ಅದೇ ಏಪ್ರಿಲ್ ತಿಂಗಳಲ್ಲಿ ಮೊಮ್ಮಗನ ಫೋನಿಗೆ ಬಂದ ಒಂದು ಸಂದೇಶ, “ದಿನಕ್ಕೆ ಐದು ಲೀಟರ್ ನೀರು ಕುಡಿದರೆ ಮೈಯೊಳಗಿನ ಕೆಟ್ಟದ್ದೆಲ್ಲ ತೊಳೆದು ಹೋಗುತ್ತೆ” ಅಂತ. ಅದನ್ನೂ ಶಿಸ್ತಾಗಿ ಪಾಲಿಸಿದರು. ತಾಮ್ರದ ಚೊಂಬು, ಬೆಳಗಿನ ಜಾವ ನಾಲ್ಕಕ್ಕೆ ಶುರು. ವಾರ ಹತ್ತು ದಿನಕ್ಕೆ ತಲೆನೋವು, ಹೊಟ್ಟೆ ತೊಳಸು. ತೊಳಸಿದ್ದಕ್ಕೆ ಇನ್ನಷ್ಟು ನೀರು. ಆಮೇಲೊಂದು ರಾತ್ರಿ ದೊಡ್ಡವ್ವನನ್ನ ಗುರುತು ಹಿಡಿಯಲಿಲ್ಲ. ಸತ್ತು ಇಪ್ಪತ್ತು ವರ್ಷವಾದ ತಮ್ಮನ ಹೆಸರು ಹಿಡಿದು ದನ ಬಿಚ್ಚು ಅಂತ ಕೂಗ್ತಾ ಇದ್ದರು. ಮನೆಯವರೆಲ್ಲ ಲಕ್ವ ಹೊಡೀತು ಅಂದುಕೊಂಡರು. ಮೈಸೂರಿಗೆ ಸಾಗಿಸಿ ರಕ್ತ ನೋಡಿದರೆ ಸೋಡಿಯಂ 112. ಇರಬೇಕಾದ್ದು 135ರಿಂದ 145.

ಅವರು ಉಳಿದುಕೊಂಡರು. ಸೋಡಿಯಂ ಅನ್ನು ಒಂದೇ ದಿನದಲ್ಲಿ ಮೇಲೆತ್ತಿದರೆ ಮಿದುಳಿಗೇ ಪೆಟ್ಟು ಅಂತ ದಿನಕ್ಕೆ ಎಂಟು ಹತ್ತರ ಲೆಕ್ಕದೊಳಗೇ ನಿಧಾನಕ್ಕೆ ಏರಿಸಿದರು, ಮಾತ್ರೆ ಬದಲಾಯಿಸಿದರು. ಆದರೆ ಅವರ ಪ್ರಶ್ನೆ ನನ್ನ ತಲೆಯಲ್ಲೇ ಕೂತುಬಿಡ್ತು. ನಾನು ಡಾಕ್ಟರಲ್ಲ. ಹಳೇ ಪುಸ್ತಕ, ಗೆಜೆಟಿಯರು ಕೆದಕೋ ಚಟ ಇದೆ ಅಷ್ಟೆ. ನೀರು ಅತಿಯಾದರೆ ಕೆಡುಕು ಅನ್ನೋದು ಜನಕ್ಕೆ ಯಾವಾಗಿಂದ ಗೊತ್ತು? ಎಷ್ಟು ಕುಡಿದರೂ ಒಳ್ಳೇದೇ ಅನ್ನೋ ಮಾತು ಯಾವಾಗ ಹುಟ್ಟಿತು? ಹುಡುಕ್ತಾ ಹೋದೆ.

ಮೊದಲು ಹಳೇದು. ಸುಮಾರು 7ನೇ ಶತಮಾನದ್ದು ಅನ್ನಲಾಗುವ ವಾಗ್ಭಟನ ಅಷ್ಟಾಂಗಹೃದಯದಲ್ಲಿ ನೀರಿನ ಬಗ್ಗೆ ಹೇಳುವ ಕಡೆ ಒಂದು ಮಾತಿದೆ. ಜೀರ್ಣಶಕ್ತಿ ಕುಂದಿದವರು, ಹೊಟ್ಟೆಯಲ್ಲಿ ನೀರು ತುಂಬಿಕೊಂಡವರು, ಮೈ ಬಾತವರು ನೀರು ಕುಡಿಯಬಾರದು, ತಡೆಯೋಕಾಗದಿದ್ದರೆ ಸ್ವಲ್ಪವೇ ಕುಡಿಯಬೇಕು. ಇಷ್ಟೇ ಆಗಿದ್ದರೆ ರೋಗಿಗಳ ಪಥ್ಯ ಅನ್ನಬಹುದಿತ್ತು. ಮುಂದುವರಿದು, ಬೇಸಿಗೆ ಮತ್ತು ಶರತ್ಕಾಲ ಬಿಟ್ಟರೆ ಆರೋಗ್ಯವಾಗಿರುವವನೂ ಮಿತವಾಗೇ ಕುಡಿಯಲಿ ಅನ್ನುತ್ತಾನೆ. ಆಯುರ್ವೇದದ ಹೆಸರು ಹೇಳಿಕೊಂಡೇ ಐದು ಲೀಟರಿನ ಸಂದೇಶ ಓಡಾಡುತ್ತೆ ಅನ್ನೋದು ತಮಾಷೆ. ಹೃದಯ ಸೋತು, ಇಲ್ಲವೇ ಲಿವರ್ ಕೆಟ್ಟು ಮೈಯಲ್ಲಿ ನೀರು ತುಂಬಿಕೊಂಡವರಿಗೆ ಇವತ್ತಿನ ಡಾಕ್ಟರೂ ಎಷ್ಟೋ ಸಲ ನೀರಿನ ಲೆಕ್ಕ ಬರೆದುಕೊಡ್ತಾರೆ. ವಾಗ್ಭಟನ ಕಾರಣಗಳು ಬೇರೆ, ಕಂಡದ್ದು ಮಾತ್ರ ಅದನ್ನೇ.

ಬೆಳಗಿನ ಜಾವ ನೀರು ಕುಡಿಯುವ ಉಷಃಪಾನವೂ ಶಾಸ್ತ್ರದಲ್ಲಿದೆಯಲ್ಲಾ ಅಂತ ನೀವು ಕೇಳಬಹುದು. ಇದೆ. ಆದರೆ ಅಲ್ಲಿ ಹೇಳೋ ಅಳತೆ ಎಂಟು ಪ್ರಸೃತಿ. ಪ್ರಸೃತಿ ಅಂದರೆ ಒಂದು ಕೈಯನ್ನ ಬಟ್ಟಲು ಮಾಡಿದಾಗ ಹಿಡಿಯುವಷ್ಟು. ಎಂಟೂ ಸೇರಿದರೆ ಹೆಚ್ಚೂ ಕಮ್ಮಿ ಮುಕ್ಕಾಲು ಲೀಟರ್. ಎಂಟು ಅನ್ನೋ ಸಂಖ್ಯೆ ಉಳಿದು ಕೈಬಟ್ಟಲು ಹೋಗಿ ಚೊಂಬು ಬಂದರೆ ಲೆಕ್ಕ ಎಲ್ಲಿಗೆ ಹೋಗುತ್ತೆ ನೋಡಿ.

ಇನ್ನು ನಮ್ಮ ಕಡೆಯ ಊಟ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ.ಕೋಟೆ ಕಡೆ ರಾಗಿ, ಕೆ.ಆರ್.ನಗರದ ನಾಲೆ ಬಯಲಿನಲ್ಲಿ ಭತ್ತ. ಬಿಸಿಲಲ್ಲಿ ದುಡಿಯೋ ಜನ ಬರೀ ನೀರನ್ನ ಚೊಂಬುಗಟ್ಟಲೆ ಕುಡಿದದ್ದು ಕಮ್ಮಿ. ಬೆಳಿಗ್ಗೆ ತಂಗಳು ಮುದ್ದೆ ಮಜ್ಜಿಗೆಗೆ ಕಿವುಚಿ ಉಪ್ಪು ಹಾಕಿ ಕುಡೀತಿದ್ದರು. ಇಲ್ಲಾ ರಾಗಿ ಅಂಬಲಿ, ಅನ್ನದ ಗಂಜಿ, ಅದಕ್ಕೂ ಉಪ್ಪು. ಮಧ್ಯಾಹ್ನ ಮುದ್ದೆಗೆ ಉಪ್ಪೆಸರು. ಹೆಸರಲ್ಲೇ ಉಪ್ಪು ಇಟ್ಟುಕೊಂಡ ಸಾರು ಬೇರೆ ಸೀಮೆಯಲ್ಲಿ ಇದ್ದರೆ ಹೇಳಿ! ಕಾಳು, ಸೊಪ್ಪು ಬೇಯಿಸಿದ ನೀರಿಗೆ ಉಪ್ಪು ಹಾಕಿ, ಖಾರ ಬೇರೆ ಅರೆದು ಮಾಡೋದು. ವಿಜ್ಞಾನ ತಿಳಿದು ಮಾಡಿದ್ದು ಅಂತ ನಾನು ಹೇಳಲ್ಲ. ಬಡತನದಲ್ಲಿ ನೆಂಚಿಕೊಳ್ಳೋಕೆ ಬೇರೇನೂ ಇಲ್ಲದಾಗ ಉಪ್ಪು ಖಾರವೇ ಗತಿ. ಆದರೂ ಬೆವರಲ್ಲಿ ಹೋಗೋ ಉಪ್ಪು, ನೀರು ಎರಡೂ ಒಂದೇ ಬಟ್ಟಲಲ್ಲಿ ವಾಪಸ್ ಬರ್ತಿತ್ತು ಅನ್ನೋದು ನಿಜ.

ಆ ಉಪ್ಪೂ ಸಲೀಸಾಗಿ ಸಿಗ್ತಿರಲಿಲ್ಲ. ಮೈಸೂರು ಸೀಮೆಗೆ ಕಡಲಿಲ್ಲ. ಕಡಲುಪ್ಪು ಕರಾವಳಿಯಿಂದ ಎತ್ತಿನ ಹೇರಿನಲ್ಲಿ ಬರಬೇಕು. ಇಲ್ಲಾ ಚೌಳು ಮಣ್ಣನ್ನ ನೀರಲ್ಲಿ ಕದಡಿ, ಸೋಸಿ, ಒಣಗಿಸಿ ಮಣ್ಣುಪ್ಪು ತೆಗೀಬೇಕು. ಉಪ್ಪಾರರ ಹೆಸರೇ ಆ ಕಸುಬಿನಿಂದ ಬಂದದ್ದು. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರ ಕಳಿಸಿದ ಫ್ರಾನ್ಸಿಸ್ ಬುಕಾನನ್ ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಮೇಲೂ ಹಾದುಹೋದ. 1807ರಲ್ಲಿ ಅಚ್ಚಾದ ಅವನ ಮೂರು ಸಂಪುಟಗಳಲ್ಲಿ ಮೈಸೂರು ಸೀಮೆಯ ಮಣ್ಣುಪ್ಪಿನ ವಿವರವೂ ಇದೆ. ಉಪ್ಪನ್ನ ಬೇಡ ಅನ್ನೋ ಕಾಲ ಬರುತ್ತೆ ಅಂತ ಆಗಿನವರಿಗೆ ಹೇಳಿದ್ದರೆ ನಗ್ತಿದ್ದರು.

ಸರಿ, ನೀರೇ ವಿಷವಾಗುತ್ತೆ ಅಂತ ಪ್ರಯೋಗ ಮಾಡಿ ತೋರಿಸಿದ್ದು ಯಾವಾಗ? 1923ರಲ್ಲಿ. ಅಮೆರಿಕದ ಲಿಯೊನಾರ್ಡ್ ರೌನ್‌ಟ್ರೀ ಅನ್ನೋ ವೈದ್ಯ ನಾಯಿಗಳ ಹೊಟ್ಟೆಗೆ ಮೂತ್ರದಲ್ಲಿ ಹೋಗೋದಕ್ಕಿಂತ ಬೇಗ ಬೇಗ ನೀರು ತುಂಬಿಸಿ ನೋಡಿದ. ವಾಂತಿ, ನಡುಕ, ಸೆಳವು, ಕೊನೆಗೆ ಎಚ್ಚರ ತಪ್ಪೋದು. ಗಾಢವಾದ ಉಪ್ಪುನೀರನ್ನ ರಕ್ತಕ್ಕೆ ಕೊಟ್ಟರೆ ಸುಧಾರಣೆ. ಅವನು ಇಟ್ಟ ಹೆಸರನ್ನ ಕನ್ನಡದಲ್ಲಿ ‘ನೀರಿನ ಅಮಲು’ ಅನ್ನಬಹುದು.

ಒಳಗೆ ನಡೆಯೋದು ಏನು ಅಂದರೆ, ಸಾರಿಗೆ ನೀರು ಸುರಿದ ಹಾಗೆ. ಉಪ್ಪು ಇದ್ದಷ್ಟೇ ಇರುತ್ತೆ, ಸಾರು ಸಪ್ಪೆಯಾಗುತ್ತೆ. ರಕ್ತ ಸಪ್ಪೆಯಾದಾಗ ನೀರು ಜೀವಕೋಶಗಳ ಒಳಗೆ ನುಗ್ಗುತ್ತೆ, ಅವು ಊದಿಕೊಳ್ಳುತ್ತವೆ. ಕೈಕಾಲಲ್ಲಿ ಊದಿದರೆ ಚರ್ಮ ಸಡಿಲಿಸಿ ಜಾಗ ಕೊಡುತ್ತೆ. ಮಿದುಳು ಬುರುಡೆಯೊಳಗಿದೆ, ಅದಕ್ಕೆ ಜಾಗವಿಲ್ಲ. ತಲೆನೋವು, ಗಲಿಬಿಲಿ, ಸೆಳವು ಎಲ್ಲ ಅಲ್ಲಿಂದಲೇ.

ಗಟ್ಟಿಮುಟ್ಟಾದ ಆಳಿನ ಮೂತ್ರಪಿಂಡ ಗಂಟೆಗೆ 800 ಎಂ.ಎಲ್.ನಿಂದ ಒಂದು ಲೀಟರ್ ತನಕ ಹೊರಗೆ ಹಾಕುತ್ತೆ. ಹಾಗಿದ್ದ ಮೇಲೆ ದಿನಕ್ಕೆ ಐದು ಲೀಟರ್ ಯಾವ ಲೆಕ್ಕ, ಅಲ್ವಾ? ನನಗೂ ಇಲ್ಲೇ ತೊಡಕಾಗಿತ್ತು. ಉತ್ತರ ಹೀಗಿದೆ: ಮೂತ್ರಪಿಂಡಕ್ಕೆ ಬರೀ ನೀರನ್ನ ಹೊರಗೆ ಹಾಕೋಕೆ ಬರಲ್ಲ. ಪ್ರತಿ ಲೀಟರಿನ ಜೊತೆ ಒಂದಿಷ್ಟು ಉಪ್ಪು, ಬೇಳೆ ಮಾಂಸ ಅರಗಿದ ಮೇಲೆ ಉಳಿಯೋ ಯೂರಿಯಾ ಇಂಥದ್ದೇನಾದರೂ ಹೋಗಲೇಬೇಕು. ಉಪ್ಪೂ ಇಲ್ಲ, ಬೇಳೆ ಮಾಂಸವೂ ಕಮ್ಮಿ ಅಂದರೆ ಹೊರಹಾಕೋ ತಾಕತ್ತೇ ಇಳಿಯುತ್ತೆ. ಅದರ ಮೇಲೆ ವಯಸ್ಸು. ಅದರ ಮೇಲೆ ಮೂತ್ರವನ್ನ ತೆಳ್ಳಗೆ ಮಾಡೋದನ್ನೇ ತಡೆಯೋ ಮಾತ್ರೆ. ಈ ಜಾತಿಯ ಮಾತ್ರೆ ಪೇಟೆಗೆ ಬಂದದ್ದು 1958ರಲ್ಲಿ, ಬಿ.ಪಿ. ಚಿಕಿತ್ಸೆಯಲ್ಲಿ ದೊಡ್ಡ ಹೆಜ್ಜೆ ಅದು, ಲಕ್ಷಾಂತರ ಜನರನ್ನ ಕಾಪಾಡಿದೆ. ಆದರೆ ವಯಸ್ಸಾದವರಲ್ಲಿ ಸೋಡಿಯಂ ಇಳಿಸುವ ಗುಣವೂ ಅದಕ್ಕಿದೆ. ದೊಡ್ಡಪ್ಪನ ಕೇಸಲ್ಲಿ ಮೂರೂ ಸೇರಿದ್ದವು, ಮೇಲೆ ಐದು ಲೀಟರು.

ರೌನ್‌ಟ್ರೀ ನಾಯಿಗಳ ಹಿಂದೆ ಬಿದ್ದಿದ್ದ ವರ್ಷವೇ ಇಂಗ್ಲೆಂಡಿನಲ್ಲಿ ಮಾಸ್ ಅನ್ನೋನು ಕಲ್ಲಿದ್ದಲು ಗಣಿಯ ಆಳುಗಳನ್ನ ನೋಡ್ತಿದ್ದ. ಬಿಸಿ ಗಣಿಯಲ್ಲಿ ಬೆವರು ಸುರಿಸಿ, ಹೊಟ್ಟೆ ತುಂಬ ನೀರು ಕುಡಿದವರಿಗೆ ಮಾಂಸಖಂಡ ಹಿಡಿದುಕೊಂಡು ಒದ್ದಾಡೋ ಹಾಗಾಗುತ್ತಿತ್ತು. ಕುಡಿಯೋ ನೀರಿಗೇ ಸ್ವಲ್ಪ ಉಪ್ಪು ಹಾಕಿದರೆ ಕಮ್ಮಿ. ಗಣಿಯ ಗಾಳಿ ಬಗ್ಗೆ ಹೆಸರು ಮಾಡಿದ್ದ ಜೆ.ಎಸ್. ಹಾಲ್ಡೇನ್ ಕೂಡ ಇದನ್ನೇ ಹೇಳಿದ. ಹೆಚ್ಚೂ ಕಮ್ಮಿ ನಮ್ಮ ಕನ್ನಂಬಾಡಿ ಕಟ್ಟೆ ಮುಗೀತಿದ್ದ ಕಾಲಕ್ಕೇ, 1930ರ ದಶಕದ ಶುರುವಿನಲ್ಲಿ, ಅಮೆರಿಕದ ಹೂವರ್ ಅಣೆಕಟ್ಟೆಯ ಕೂಲಿಗಳ ಮೇಲೂ ಇದೇ ಅಧ್ಯಯನ ನಡೆದು ಅದೇ ಉತ್ತರ ಬಂತು. ಕನ್ನಂಬಾಡಿ ಕೂಲಿಗಳ ಬುತ್ತಿಯಲ್ಲಿ ಏನಿತ್ತು ಅಂತ ಯಾರಾದರೂ ಬರೆದಿಟ್ಟಿದ್ದರೆ ಎಷ್ಟು ಚೆನ್ನಾಗಿರ್ತಿತ್ತು.

ಗಣಿ ಅಂದ ಮೇಲೆ ಕೋಲಾರದ ಚಿನ್ನದ ಗಣಿ ಬಿಡೋ ಹಾಗಿಲ್ಲ. ಕರ್ನಾಟಕದಲ್ಲಿ ಶಾಖ, ಬೆವರು, ಮನುಷ್ಯನ ದೇಹ ಈ ಮೂರರ ಬಗ್ಗೆ ಕಣ್ಣಿಟ್ಟು ನೋಡಿದ ಜಾಗ ಅದು. ಜಾನ್ ಟೇಲರ್ ಕಂಪನಿ 1880ರಲ್ಲಿ ಕೈಹಾಕಿದ ಈ ಗಣಿಗಳಲ್ಲಿ ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿಯಿತು. ಆ ಆಳದಲ್ಲಿ ಬಂಡೆಯ ಶಾಖವೇ 60 ಡಿಗ್ರಿ ದಾಟುತ್ತೆ. ಮೇಲಿಂದ ತಂಪು ಗಾಳಿ ಇಳಿಸದೆ ಮನುಷ್ಯ ನಿಲ್ಲೋಕೇ ಆಗಲ್ಲ. ಅಲ್ಲಿ ಕೆಲಸದ ನಡುವೆ ಕುಸಿದು ಬೀಳುವವರ ಬಗ್ಗೆ 1940ರ ದಶಕದಲ್ಲಿ ಗಣಿಯ ವೈದ್ಯ ಕ್ಯಾಪ್ಲನ್ ಪ್ರಬಂಧವನ್ನೇ ಬರೆದರು. 1946ರಲ್ಲಿ ಲಿಂಡ್ಸೆ ಜೊತೆ ಸೇರಿ, ಶಾಖ ಏರಿದ ಹಾಗೆ ಆಳಿನ ಕೆಲಸ ಎಷ್ಟು ಇಳಿಯುತ್ತೆ ಅಂತ ಅಳೆದು ಇನ್ನೊಂದು ಬರೆದರು. ಲಂಡನ್ನಿನ ಗಣಿ ಸಂಸ್ಥೆಯ ಪತ್ರಿಕೆಯಲ್ಲಿ ಅಚ್ಚಾದ ಈ ಪ್ರಬಂಧಗಳನ್ನ ಪ್ರಪಂಚದ ಶಾಖ ವಿಜ್ಞಾನಿಗಳು ಎಷ್ಟೋ ವರ್ಷ ಉಲ್ಲೇಖಿಸಿದರು. ಕಂಪನಿಗೆ ಬೇಕಿದ್ದದ್ದು ಚಿನ್ನ, ಅಳೆದದ್ದು ಆ ಲೆಕ್ಕಕ್ಕೇ. ಬೆವರು ಸುರಿಸಿದ ಗಣಿ ಕೂಲಿಗಳ ಹೆಸರು ಅಲ್ಲಿ ಎಲ್ಲೂ ಬರಲ್ಲ. ಗಣಿ 2001ರಲ್ಲಿ ಮುಚ್ಚಿತು.

ಇಷ್ಟೆಲ್ಲ ಗೊತ್ತಿದ್ದೂ ಎಂಟು ಲೋಟದ ಮಾತು ಎಲ್ಲಿಂದ ಬಂತು? ಡಾರ್ಟ್‌ಮತ್ ವೈದ್ಯಕೀಯ ಶಾಲೆಯ ಹೈನ್ಜ್ ವಾಲ್ಟಿನ್ ಅನ್ನೋ ಮೂತ್ರಪಿಂಡ ತಜ್ಞರು ಇದನ್ನೇ ಪಟ್ಟುಹಿಡಿದು ಹುಡುಕಿ 2002ರಲ್ಲಿ ಬರೆದರು. ಆರೋಗ್ಯವಂತರೆಲ್ಲ ದಿನಕ್ಕೆ ಎಂಟು ಲೋಟ ಕುಡಿಯಲೇಬೇಕು ಅನ್ನೋದಕ್ಕೆ ಪುರಾವೆ ಸಿಗಲಿಲ್ಲ. ಮೂಲ ಇರಬಹುದಾದ ಒಂದು ಕಡೆ ಅಂದರೆ 1945ರಲ್ಲಿ ಅಮೆರಿಕದ ಆಹಾರ ಮಂಡಳಿ ಕೊಟ್ಟ ಸಲಹೆ. ದಿನಕ್ಕೆ ಸುಮಾರು ಎರಡೂವರೆ ಲೀಟರ್ ನೀರು ಬೇಕು ಅಂತ ಅದರಲ್ಲಿದೆ. ಆದರೆ ಅದರ ಬೆನ್ನಿಗೇ, ಇದರಲ್ಲಿ ಬಹುಪಾಲು ತಿನ್ನುವ ಆಹಾರದಲ್ಲೇ ಇರುತ್ತೆ ಅಂತಲೂ ಇದೆ. ಮೊದಲನೇ ವಾಕ್ಯ ಊರೆಲ್ಲ ಸುತ್ತಿತು, ಎರಡನೇ ವಾಕ್ಯ ಮನೆಯಲ್ಲೇ ಉಳೀತು! ಮುದ್ದೆ, ಸಾರು, ಅನ್ನ, ಮಜ್ಜಿಗೆ ಉಣ್ಣೋ ನಮ್ಮವರ ತಟ್ಟೆಯಲ್ಲಿ ಎಷ್ಟು ನೀರಿದೆ ಅಂತ ನೀವೇ ನೋಡಿ. ಒಣ ಬ್ರೆಡ್ಡು ತಿನ್ನೋರ ಲೆಕ್ಕ ನಮಗೆ ಯಾಕೆ?

ಆಮೇಲೆ ಬಂದದ್ದು ಓಟಗಾರರ ಕಾಲ. 1981ರಲ್ಲಿ ದಕ್ಷಿಣ ಆಫ್ರಿಕಾದ ಕಾಮ್ರೇಡ್ಸ್ ಓಟದಲ್ಲಿ, ಸುಮಾರು 90 ಕಿ.ಮೀ. ಓಟ ಅದು, ಓಡಿದ ಹೆಣ್ಣುಮಗಳೊಬ್ಬಳು ನೀರು ಹೆಚ್ಚಾಗಿ ಸೆಳವು ಬಂದು ಬಿದ್ದಳು, ಬದುಕಿಕೊಂಡಳು. ಟಿಮ್ ನೋಕ್ಸ್ ಅನ್ನೋ ವೈದ್ಯ ಇಂಥ ನಾಲ್ಕು ಕೇಸು ಸೇರಿಸಿ 1985ರಲ್ಲಿ ಬರೆದರೂ ಕಿವಿಗೆ ಹಾಕಿಕೊಂಡವರು ಕಮ್ಮಿ. 1996ರಲ್ಲಿ ಅಮೆರಿಕದ ಕ್ರೀಡಾ ವೈದ್ಯರ ಸಂಘವೇ ತಡೆದುಕೊಳ್ಳೋಕಾಗುವಷ್ಟೂ ಕುಡೀರಿ ಅನ್ನೋ ಅರ್ಥದ ಸಲಹೆ ಕೊಟ್ಟಿತು. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ 28 ವರ್ಷದ ಓಟಗಾರ್ತಿ ಸತ್ತಳು. ಅದೇ ಓಟದಲ್ಲಿ ರಕ್ತ ಕೊಟ್ಟ 488 ಜನರಲ್ಲಿ ಶೇಕಡಾ 13ರಷ್ಟು ಮಂದಿಗೆ ಸೋಡಿಯಂ ಕಮ್ಮಿ ಇತ್ತು ಅಂತ 2005ರಲ್ಲಿ ಪ್ರಕಟವಾಯ್ತು. ಓಡಿ ಮುಗಿಸುವಷ್ಟರಲ್ಲಿ ತೂಕ ಇಳಿಯೋ ಬದಲು ಏರಿದವರಿಗೇ ಹೆಚ್ಚು ಅಪಾಯ. 2007ರಲ್ಲಿ ಕ್ಯಾಲಿಫೋರ್ನಿಯಾದ ಒಂದು ರೇಡಿಯೋದವರು ಮೂತ್ರಕ್ಕೆ ಹೋಗದೆ ಯಾರು ಹೆಚ್ಚು ನೀರು ಕುಡೀತಾರೋ ಅವರಿಗೆ ವಿಡಿಯೋ ಗೇಮ್ ಬಹುಮಾನ ಅಂತ ಸ್ಪರ್ಧೆ ಇಟ್ಟರು. ಮೂರು ಮಕ್ಕಳ ತಾಯಿ ಒಬ್ಬಳು ಅದೇ ದಿನ ಸತ್ತಳು. ಓಟಗಾರರಿಗೆ ಈಗ ತಜ್ಞರು ಕೊಡೋ ಸಲಹೆ ತುಂಬ ಸರಳ: ಬಾಯಾರಿದರೆ ಕುಡೀರಿ. 2015ರಲ್ಲಿ ದೊಡ್ಡ ದೊಡ್ಡವರೆಲ್ಲ ಸಭೆ ಸೇರಿ ತೀರ್ಮಾನಿಸಿದ್ದು ಇದು, ಯಾವ ಎಮ್ಮೆಯನ್ನ ಕೇಳಿದ್ದರೂ ಹೇಳ್ತಿತ್ತು :)

ಇದನ್ನೆಲ್ಲ ಓದಿ ನೀರನ್ನೇ ಬಿಟ್ಟೀರಿ ಮತ್ತೆ. ನೀರಿಲ್ಲದೆ ಸತ್ತವರ ಲೆಕ್ಕದ ಮುಂದೆ ನೀರು ಕುಡಿದು ಸತ್ತವರ ಲೆಕ್ಕ ಏನೇನೂ ಅಲ್ಲ. 1971ರ ಬಾಂಗ್ಲಾ ಯುದ್ಧದ ಹೊತ್ತಿನಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಾಲನಬಿಸ್ ಅವರ ಹತ್ತಿರ ಡ್ರಿಪ್ ಬಾಟಲು ಮುಗಿದಿತ್ತು. ಉಪ್ಪು, ಸೋಡಾ, ಗ್ಲೂಕೋಸ್ ಅಳೆದು ನೀರಲ್ಲಿ ಕದಡಿ ಡ್ರಮ್ಮುಗಳಲ್ಲಿ ತುಂಬಿಸಿ, ಮನೆಯವರ ಕೈಯಿಂದಲೇ ಕುಡಿಸಿದರು. ಶೇಕಡಾ 30ರ ಆಸುಪಾಸಿನಲ್ಲಿದ್ದ ಸಾವು ಶೇಕಡಾ 4ಕ್ಕಿಂತ ಕೆಳಗೆ ಇಳೀತು. ಕರುಳಿನಲ್ಲಿ ಉಪ್ಪೂ ಸಕ್ಕರೆಯೂ ಕೈ ಹಿಡಿದುಕೊಂಡೇ ಒಳಗೆ ಹೋಗೋದು, ಅವುಗಳ ಹಿಂದೆ ನೀರು. ಇವತ್ತು ಅಂಗಡಿಯಲ್ಲಿ ಸಿಗೋ ಓ.ಆರ್.ಎಸ್. ಪೊಟ್ಟಣ ಅದರ ಮೊಮ್ಮಗು. ಒಂದು ಲೀಟರ್ ನೀರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, ಜೊತೆಗೆ ಇನ್ನೆರಡು ಲವಣ. ಮಹಾಲನಬಿಸ್ ತೀರಿಕೊಂಡದ್ದು 2022ರಲ್ಲಿ. ಪದ್ಮವಿಭೂಷಣ ಕೊಟ್ಟದ್ದು 2023ರಲ್ಲಿ. ನಮ್ಮ ದೇಶ ಯಾವತ್ತೂ ಹೀಗೇ.

ಪೊಟ್ಟಣವನ್ನ ಒಂದು ಲೀಟರಿಗೆ ಅಂತ ಬರೆದಿದ್ದರೆ ಒಂದೇ ಲೀಟರಿಗೆ ಕದಡಬೇಕು. ಎರಡು ಲೀಟರಿಗೆ ತೆಳ್ಳಗೆ ಮಾಡಿದರೆ ಭೇದಿಯಾದ ಕೂಸಿಗೆ ಮತ್ತೆ ಅದೇ ಸಪ್ಪೆ ನೀರಿನ ಅಪಾಯ. ಆರು ತಿಂಗಳೊಳಗಿನ ಕೂಸಿಗೆ ಸೆಕೆ ಅಂತ ನೀರು ಕುಡಿಸೋದೂ ಬೇಡ, ಹಾಲಲ್ಲೇ ಬೇಕಾದಷ್ಟು ನೀರಿದೆ. ಮೂತ್ರಪಿಂಡದಲ್ಲಿ ಕಲ್ಲಾದವರಿಗೆ ಮಾತ್ರ ಹೆಚ್ಚು ನೀರು ನಿಜವಾಗಿ ಔಷಧಿ, ಅವರು ಈ ಬರಹ ಓದಿ ಲೋಟ ಕೆಳಗಿಡಬೇಡಿ. ಹಾಗೇ ಬಿ.ಪಿ. ಇರೋರು ಉಪ್ಪಿನ ಡಬ್ಬಿಗೆ ಕೈಹಾಕೋದೂ ಬೇಡ. ದಿನಕ್ಕೆ ಐದು ಗ್ರಾಮಿಗಿಂತ ಕಮ್ಮಿ ಇರಲಿ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಕಮ್ಮಿ ಅಂದರೆ ಸೊನ್ನೆ ಅಲ್ಲ ಅನ್ನೋದೇ ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯದೇ ಇದ್ದದ್ದು.

ನನಗೆ ಈಗ ಹೆಚ್ಚು ಕಾಡೋದು ಬ್ಯಾರನ್ ಕೆಲಸದವರು. ಹೊರಗಿನವರಿಗೆ ಹೇಳೋದಾದರೆ, ನಮ್ಮ ನಾಲ್ಕೂ ತಾಲ್ಲೂಕುಗಳಲ್ಲಿ ವರ್ಜೀನಿಯಾ ಹೊಗೆಸೊಪ್ಪು ಬೆಳೀತಾರೆ. ಸೊಪ್ಪು ಮುರಿದು ತಂದು ಬ್ಯಾರನ್ ಅನ್ನೋ ಎತ್ತರದ ಮನೆಯೊಳಗೆ ಕಟ್ಟಿ, ಸೌದೆ ಉರಿ ಹಾಕಿ ಐದಾರು ದಿನ ಹದ ಮಾಡಬೇಕು. ಕೊನೇ ಹಂತದಲ್ಲಿ ಒಳಗೆ 70 ಡಿಗ್ರಿ ಮುಟ್ಟಿಸ್ತಾರೆ. ಹಗಲೂ ರಾತ್ರಿ ಒಬ್ಬರು ಉರಿ ಮುಂದೆ ಇರಲೇಬೇಕು. ಮಳೆಯಲ್ಲಿ ಒದ್ದೆಯಾದ ಸೊಪ್ಪು ಮುರಿಯುವ ಹೆಂಗಸರಿಗೆ ಇನ್ನೊಂದು ತೊಂದರೆ. ಎಲೆಯ ನಿಕೋಟಿನ್ ಚರ್ಮದಲ್ಲೇ ಒಳಗೆ ಇಳಿದು ತಲೆಸುತ್ತು, ವಾಂತಿ. ನಮ್ಮ ಕಡೆ ಇದನ್ನ ಪಿತ್ತ ಅಂತ ಮುಗಿಸ್ತಾರೆ. ಬೆವರಿನ ಸುಸ್ತು, ನಿಕೋಟಿನ್ ವಾಂತಿ, ಸೋಡಿಯಂ ಇಳಿದ ತೊಳಸು, ಮೂರೂ ಹೊರಗಿಂದ ನೋಡೋಕೆ ಒಂದೇ ಥರ. ಮೂರಕ್ಕೂ ಪಕ್ಕದಲ್ಲಿದ್ದವರು ಕೊಡೋದು ಒಂದು ಚೊಂಬು ನೀರು.

ಶಾಖದಲ್ಲಿ ದುಡಿಯುವವರಿಗೆ ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆ ಹೇಳುವ ಮಿತಿ ಗಂಟೆಗೆ ಸುಮಾರು 1.4 ಲೀಟರ್, ಅದಕ್ಕಿಂತ ಹೆಚ್ಚು ಬೇಡ. ಅಲ್ಲಿನ ಸೈನ್ಯದಲ್ಲಿ ನೀರು ಕುಡಿಸಿ ಕುಡಿಸಿ ಕೆಲವು ಸಿಪಾಯಿಗಳು ಸತ್ತ ಮೇಲೆ, 1998ರಲ್ಲಿ, ಅವರೂ ಇಂಥದ್ದೇ ಮಿತಿ ಹಾಕಿಕೊಂಡರು.

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ 1960ರ ಸುಮಾರಿಗೆ ಬಂದು ನೆಲೆಸಿದ ಟಿಬೆಟಿನವರು ಟೀಗೆ ಬೆಣ್ಣೆ, ಉಪ್ಪು ಹಾಕಿ ಕುಡೀತಾರೆ. ಚಿಕ್ಕಂದಿನಲ್ಲಿ ನಾವು ಅದನ್ನ ನೋಡಿ ಮೂಗು ಮುರೀತಿದ್ದೆವು, ನಾವು ಮಾತ್ರ ಮನೆಗೆ ಬಂದು ಉಪ್ಪು ಹಾಕಿದ ಮಜ್ಜಿಗೆ ಕುಡೀತಿದ್ದೆವು! ನಮ್ಮಜ್ಜಿ ಇದ್ದಾಗ ಬ್ಯಾರನ್ ಕಾಯೋರಿಗೆ ರಾತ್ರಿ ಹೊತ್ತಿಗೆ ಒಂದು ಮಡಕೆ ಅಂಬಲಿ, ಎರಡು ಹಸಿ ಈರುಳ್ಳಿ ಹೋಗ್ತಿತ್ತು. ಈಗ ಬ್ಯಾರನ್ ಬಾಗಿಲಲ್ಲಿ ಇಪ್ಪತ್ತು ಲೀಟರಿನ ನೀರಿನ ಕ್ಯಾನು ಇರುತ್ತೆ. ಹೋದ ಸೀಸನ್ನಿನಲ್ಲಿ ಊರಿಗೆ ಹೋದಾಗ ಅದರ ಪಕ್ಕ ಒಂದು ಸ್ಟೀಲ್ ಡಬ್ಬಿಯಲ್ಲಿ ಮಜ್ಜಿಗೆ ಇತ್ತು. ರುಚಿ ನೋಡಿದೆ, ಉಪ್ಪು ಇತ್ತು.